ಹಿತ್ತಿಲಿನ ಅಪರಿಚಿತ ಹೂವು

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಕೋಲಾರ ತಾಲ್ಲೂಕಿನ ಕ್ಯಾಲನೂರಿನಂಥ ಊರುಗಳ ಹಿತ್ತಿಲುಗಳಲ್ಲಿ ಯಾರೂ ಬಿತ್ತದ ಗಿಡಗಳು ತಲೆಯೆತ್ತುವುದುಂಟು. ಇವುಗಳಲ್ಲಿ ಕೆಲವು ಹೊಸವೇನೂ ಅಲ್ಲ. ಬೇಸಗೆಯಲ್ಲಿ ಎಲೆ ಕಾಂಡಗಳನ್ನು ತೊರೆದು, ನೆಲದೊಳಗಣ ಗೆಡ್ಡೆಯಲ್ಲಿ ಜೀವ ಹಿಡಿದುಕೊಂಡಿದ್ದ ಬಹುವಾರ್ಷಿಕ ಸಸ್ಯಗಳು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಗೆ ಅದು ಒಪ್ಪುವ ಬಾಳ್ವೆಯೇ ಸರಿ. ಮನೆ ಕೈಬದಲಾಗಿದ್ದರೆ ಹಿಂದಿನವರು ನೆಟ್ಟ ಹೂವು ಈಗಿನವರಿಗೆ ಒಗಟಾಗುತ್ತದೆ. ಒಡನೆಯೇ ಅವರು ಕೇಳುವುದು, ಇದರ ಹೆಸರೇನು ಎಂದು. ಈ ಪ್ರಶ್ನೆಯನ್ನು ಎರಡನೆಯದಾಗಿ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಗಿಡದ ಅಂಗಗಳನ್ನು ನೋಡುವುದು ಮೊದಲಾಗಬೇಕು.

ಸಂಜೆಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಹೆಸರನ್ನು ನಂಬಿದರೆ ಅದು ಮಲ್ಲಿಗೆಯ ಜಾತಿ. ಆದರೆ ಹೂವನ್ನು ಉಗುರಿನಿಂದ ಸೀಳಿ ನೋಡಿದರೆ ಕಥೆಯೇ ಬೇರೆ. ಮಲ್ಲಿಗೆಯಲ್ಲಿರುವುದು ಎರಡೇ ಕೇಸರ. ಸಂಜೆಮಲ್ಲಿಗೆಯಲ್ಲಿ ಸಾಮಾನ್ಯವಾಗಿ ಐದು. ಅದರ ಬಣ್ಣದ ತುತ್ತೂರಿಯನ್ನು ನಾವು ದಳವೆಂದು ಭಾವಿಸುತ್ತೇವೆ. ಸಸ್ಯಶಾಸ್ತ್ರದ ಪ್ರಕಾರ ಅದಕ್ಕೆ ದಳಗಳೇ ಇಲ್ಲ, ಬಣ್ಣ ತಳೆದಿರುವುದು ಹೊರಗಿನ ಪುಷ್ಪಪಾತ್ರೆ. ಕರಿಮೆಣಸಿನಂಥ ಕಾಯಿ, ದಪ್ಪನೆಯ ಗೆಡ್ಡೆಬೇರು, ಇಳಿಹೊತ್ತಿನಲ್ಲಿ ಅರಳುವ ಪದ್ಧತಿ, ಇವೆಲ್ಲ ಮಲ್ಲಿಗೆಯಿಂದ ಅದನ್ನು ದೂರವಿಡುತ್ತವೆ. ಅದರ ತೌರು ಅಮೆರಿಕ ಖಂಡ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ಮಗ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ನಮ್ಮ ಹೊಟ್ಟೆಯಲ್ಲಿ ಕುಳಿತ ದಕ್ಷಿಣ ಅಮೆರಿಕವನ್ನು ಕನ್ನಡಿಗರಿಗೆ ತೋರಿಸಿಕೊಟ್ಟರಷ್ಟೆ; ಹಿತ್ತಿಲಿನಲ್ಲಿಯೂ ಅದು ಕುಳಿತಿದೆ.

ಹಾಗಾದರೆ ಶಾಸ್ತ್ರೀಯ ನಾಮವನ್ನು ಕಲಿತರೆ ಸಾಲದೆ? ಲಿನೇಯಸ್ 1753ರಲ್ಲಿ ಈ ಗಿಡವನ್ನು ಮಿರಾಬಿಲಿಸ್ ಜಲಾಪ ಎಂದು ಕರೆದನು. ಜಲಾಪ ಎಂಬುದು ಮೆಕ್ಸಿಕೋ ದೇಶದ ಒಂದು ಭೇದಿಯ ಔಷಧ. ಅದು ಈ ಗಿಡದ ಬೇರೆಂದು ಹಿಂದೆ ತಿಳಿದಿದ್ದರು. ನಿಜವಾಗಿ ಅದು ದೊರೆಯುವುದು ಗೆಣಸಿನ ಬಂಧುವಾದ ಬೇರೊಂದು ಬಳ್ಳಿಯಿಂದ. ತಪ್ಪು ತಿಳಿದುಬಂದ ಮೇಲೂ ಹೆಸರು ಹಾಗೆಯೇ ಉಳಿಯಿತು. ನಾಮಕರಣದ ನಿಯಮವೇ ಹಾಗೆ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಅಗ್ನಿಶಿಖೆಯೂ ಗೆಡ್ಡೆಯ ಬಹುವಾರ್ಷಿಕವೇ. ಕೆಲವರು ಅದನ್ನು ಗೌರಿ ಹೂ ಎನ್ನುತ್ತಾರೆ. ಎಲೆಯ ತುದಿಯೇ ಕುಡಿಯಾಗಿ ಸುರುಳಿ ಸುತ್ತಿ ಬೇಲಿಯನ್ನು ಹಿಡಿಯುತ್ತದೆ. ಹಿಂದಕ್ಕೆ ಬಾಗಿದ ಆರು ದಳಗಳು ಹಳದಿಯಿಂದ ಕೆಂಪಿಗೆ ತಿರುಗುತ್ತವೆ. ಹೂ ಬಿಟ್ಟಾಗ ಗುರುತಿಸಲು ಕಷ್ಟವಿಲ್ಲ. ಆದರೆ ಬೇಸಗೆಯಲ್ಲಿ ನೆಲ ಅಗೆದಾಗ ಸಿಕ್ಕುವುದು ಗೆಡ್ಡೆ ಮಾತ್ರ. ಅದರಲ್ಲಿ ಕಾಲ್ಚಿಸೀನ್ ಎಂಬ ಪ್ರಬಲ ವಿಷವಿದೆ. ಗೆಣಸೆಂದು ಬೇಯಿಸಿ ತಿಂದು ಭಾರತದಲ್ಲಿಯೂ ಶ್ರೀಲಂಕೆಯಲ್ಲಿಯೂ ಜನ ಸತ್ತಿದ್ದಾರೆ. ಗೌಟ್ ಎಂಬ ಕೀಲುಬೇನೆಗೆ ವೈದ್ಯರು ಕೊಡುವುದೂ ಇದೇ ಕಾಲ್ಚಿಸೀನನ್ನೇ, ಮಿಲಿಗ್ರಾಮಿನ ಲೆಕ್ಕದಲ್ಲಿ. ಹೂವಿನ ಹೆಸರು ಕೇಳುವವರು ಮರುಗಳಿಗೆಯಲ್ಲಿ ಅದು ಯಾವ ರೋಗಕ್ಕೆ ಮದ್ದು ಎಂದು ವಿಚಾರಿಸುವ ನಮ್ಮ ನಾಡಿನಲ್ಲಿ ಈ ಮಾತನ್ನು ಒತ್ತಿ ಹೇಳಲೇಬೇಕಾಗಿದೆ.

ಈಗ ಮೊಬೈಲ್ ಫೋನಿಗೆ ಚಿತ್ರ ತೋರಿಸಿದರೆ ಕ್ಷಣಮಾತ್ರದಲ್ಲಿ ಹೆಸರು ದೊರೆಯುತ್ತದೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹೂವಿನ ಹೊರಮೈಯನ್ನು ಕಂಡ ಯಂತ್ರ ಅಂಡಾಶಯವನ್ನು ಕಂಡಿಲ್ಲ, ಗೆಡ್ಡೆಯನ್ನಂತೂ ಕಂಡೇ ಇಲ್ಲ. ಅದು ಕೊಟ್ಟ ಹೆಸರನ್ನು ಸೂಚನೆಯಾಗಿಟ್ಟುಕೊಂಡು ಅಂಗಗಳೊಡನೆ ತಾಳೆ ನೋಡಬೇಕು. ಸ್ಥಳೀಯ ಸಸ್ಯಗ್ರಂಥವೊಂದೇ ಇದ್ದರೂ ಸಾಲದು. ಅಂಥವು ಮುಖ್ಯವಾಗಿ ಕಾಡುಮೇಡಿನ ಗಿಡಗಳಿಗಾಗಿ ಹುಟ್ಟಿದವು. ತೋಟದ ಹೂಗಳು ಎಲ್ಲೆಲ್ಲಿಂದಲೋ ಬಂದವು. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನ ಚರಿತ್ರೆಯೇ ಇದಕ್ಕೆ ನಿದರ್ಶನ.

ಗ್ರಾಮದ ಪ್ರೌಢಶಾಲೆಗಳು ಊರಿನ ಹಿತ್ತಿಲ ಗಿಡಗಳ ಒಣಮಾದರಿಗಳನ್ನು ಸಂಗ್ರಹಿಸತಕ್ಕದ್ದು. ಖರ್ಚೇನೂ ಇಲ್ಲ: ಹಳೆಯ ವೃತ್ತಪತ್ರಿಕೆ, ಮೇಲೆ ಹೇರಲು ಒಂದೆರಡು ಇಟ್ಟಿಗೆ. ಎಲೆ, ಹೂ, ಕಾಯಿ ಇರುವ ರೆಂಬೆಯನ್ನು ಒತ್ತಿಟ್ಟು ದಿನವೂ ಕಾಗದ ಬದಲಿಸಬೇಕು. ಗೆಡ್ಡೆಯನ್ನು ಮುಟ್ಟಿದ ಮೇಲೆ ಕೈತೊಳೆಯಬೇಕು. ಗುರುತು ಸಿಕ್ಕದ್ದನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಬಹುದು. ಒಣಗಿದ ಹೂವಿನಲ್ಲಿ ಬಣ್ಣವೂ ಪರಿಮಳವೂ ನಿಲ್ಲುವುದಿಲ್ಲವಾದ್ದರಿಂದ ಅವನ್ನು ಕಿತ್ತ ದಿನವೇ ಬರೆದಿಡುವುದು ಅವಶ್ಯ. ಸಂಜೆಮಲ್ಲಿಗೆಯನ್ನಾದರೆ ಸಂಜೆಯೇ ಒತ್ತಬೇಕು. ಬೆಳಗಾಗುವಷ್ಟರಲ್ಲಿ ಹೂ ಮುದುಡಿ ಕೇಸರಗಳು ಸುರುಳಿಗೊಂಡಿರುತ್ತವೆ.