ಬೀಜ ತಿಳಿಯದ ಪರೀಕ್ಷೆ

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆದವರು ಅದನ್ನು ಪರೀಕ್ಷಿಸದೆ ಬಿಡುವಂತಿಲ್ಲ. ನಮಗೆ ತೋಚಿದ ನಾಲ್ಕಾರು ಲೆಕ್ಕಗಳನ್ನು ಕೊಟ್ಟು ನೋಡಿದರೆ ಸಾಲದೆಂದು, ಯಂತ್ರದಿಂದಲೇ ಯಾದೃಚ್ಛಿಕ ಸಂಖ್ಯೆಗಳನ್ನು, ಎಂದರೆ ಯಾವ ಕ್ರಮವೂ ಇಲ್ಲದಂತೆ ಕಾಣುವ ಸಂಖ್ಯೆಗಳನ್ನು ಹುಟ್ಟಿಸಿ, ಅವುಗಳಿಂದ ಪರೀಕ್ಷೆ ತಾನಾಗಿಯೇ ನಡೆಯುವಂತೆ ಮಾಡುವ ಪದ್ಧತಿ ಈಗ ರೂಢಿಯಲ್ಲಿದೆ.

ಕ್ರಮವಿಲ್ಲದಂತೆ ಕಾಣುತ್ತವೆ, ಅಷ್ಟೆ. ಜಾನ್ ವಾನ್ ನಾಯ್ಮನ್ 1949ರಲ್ಲಿ ವಿವರಿಸಿದ ವಿಧಾನವನ್ನು ವಾಚಕರು ಕಾಗದದ ಮೇಲೆಯೇ ಮಾಡಿ ನೋಡಬಹುದು. 1234ರ ವರ್ಗ 01522756. ಅದರ ನಡುವಿನ ನಾಲ್ಕು ಅಂಕಗಳು 5227. ಇದರ ವರ್ಗದಿಂದ 3215, ಅದರಿಂದ 3362. 1234ರಿಂದ ಹೊರಟವರೆಲ್ಲರೂ ಇದೇ ದಾರಿಯಲ್ಲಿ ನಡೆಯಲೇಬೇಕು. ಆ ಮೊದಲ ಸಂಖ್ಯೆಗೆ ಬೀಜವೆಂದು ಹೆಸರು. ಇಂದಿನ ವಿಧಾನಗಳು ಇದಕ್ಕಿಂತ ಎಷ್ಟೋ ಮೇಲು. ಬೀಜದ ನಿಯಮ ಮಾತ್ರ ಅದೇ.

ಪರೀಕ್ಷೆಗೆ ಪ್ರತಿಸಲವೂ ಒಂದೇ ಬೀಜವಿರಬೇಕೆ, ಹೊಸದಿರಬೇಕೆ? ಕೆಲವು ಕಾಲದ ಹಿಂದೆ ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳು ಎರಡು ಅಣುಗಳ ವಿಕರ್ಷಣೆಯನ್ನು ಅನುಕರಿಸುವ ಪ್ರೋಗ್ರಾಂ ಬರೆದರು. 30ಕ್ಕೆ 30ರ ಚೌಕಮನೆಗಳಲ್ಲಿ ಅಣುಗಳನ್ನು ಯಾದೃಚ್ಛಿಕವಾಗಿ ಇರಿಸುವುದು, ಚಲಿಸಬಿಡುವುದು, ಒಟ್ಟು ಶಕ್ತಿ ಬದಲಾಗಲಿಲ್ಲವೆಂದು ನೋಡುವುದು, ಇಷ್ಟೇ ಪರೀಕ್ಷೆ. ಬೀಜವನ್ನು ಗಡಿಯಾರದಿಂದ ಪಡೆದಿದ್ದರು, ಬರೆದಿಟ್ಟಿರಲಿಲ್ಲ. ನೂರಾರು ಸಲ ತೇರ್ಗಡೆಯಾದ ಪ್ರೋಗ್ರಾಂ ಒಂದು ಸಂಜೆ ಸೋತಿತು. ಮತ್ತೆ ನಡೆಸಿದರೆ ಏನೂ ಆಗದಂತೆ ಗೆದ್ದಿತು. "ಯಂತ್ರದ ದೋಷವಿರಬೇಕು, ಸರ್" ಎಂದರು. ನಾವೂ ತಲೆದೂಗಿದೆವು, ಈಗ ನೆನೆದರೆ ನಾಚಿಕೆಯಾಗುತ್ತದೆ. ಎರಡು ವಾರ ಕಳೆದ ಮೇಲೆ, ಬೀಜವನ್ನು ತೆರೆಯ ಮೇಲೆ ತೋರಿಸುವ ಒಂದು ಸಾಲನ್ನು ಸೇರಿಸಲಾಯಿತು. ಮುಂದಿನ ಸೋಲು ಬಂದಾಗ ಅದೇ ಬೀಜವನ್ನು ಕೊಟ್ಟು ಸೋಲನ್ನು ಮತ್ತೆ ಮತ್ತೆ ಬರಮಾಡಿ ನೋಡಿದೆವು. ಎರಡು ಅಣುಗಳೂ ಒಂದೇ ಮನೆಯಲ್ಲಿ ಕುಳಿತಿದ್ದವು! ನಡುವಣ ದೂರ ಸೊನ್ನೆ. ಸೊನ್ನೆಯಿಂದ ಭಾಗಿಸಹೋಗಿ ಶಕ್ತಿಯ ಲೆಕ್ಕ ಕೆಟ್ಟಿತ್ತು.

ಹಾಗಾಗುವ ಸಂಭವ 900ರಲ್ಲಿ ಒಂದು. ಹೊಸ ಹೊಸ ಬೀಜಗಳಿಂದ 900 ಸಲ ಪರೀಕ್ಷಿಸಿದರೂ ದೋಷ ಒಮ್ಮೆಯೂ ಕಣ್ಣಿಗೆ ಬೀಳದಿರುವ ಸಂಭವ ಸುಮಾರು ಶೇಕಡ 37 ಉಳಿಯುತ್ತದೆ. ಒಂದೇ ಬೀಜವನ್ನು ಕಾಯಂ ಮಾಡಿದ್ದರೋ, ಸಾವಿರ ಸಲ ನಡೆಸುವುದೂ ಒಂದು ಸಲ ನಡೆಸುವುದೂ ಒಂದೇ. ನಿನ್ನೆ ಗೆದ್ದ ಪರೀಕ್ಷೆ ಇಂದು ಸೋತರೆ ಕೆಲಸ ನಿಲ್ಲುತ್ತದೆಂಬುದು ಕಾಯಂ ಬೀಜದವರ ವಾದ. ನಿಲ್ಲಲಿ ಎಂಬುದೇ ನಮ್ಮ ಮತ. ಬೀಜ ಬದಲಾಗುತ್ತಿರಲಿ, ಆದರೆ ಅದು ವರದಿಯ ಮೊದಲ ಸಾಲಿನಲ್ಲಿ ಇರಲೇಬೇಕು. ಸೋತ ಬೀಜವನ್ನು ಬಿಟ್ಟು, ಗೆಲ್ಲುವ ಬೀಜ ಸಿಗುವವರೆಗೆ ಹುಡುಕುವವರೂ ಉಂಟು. ಇದು ಪ್ರಯೋಗಾಲಯದಲ್ಲಿ ಸೂತ್ರಕ್ಕೆ ಒಗ್ಗದ ಅಳತೆಯನ್ನು ಅಳಿಸಿ ಬರೆಯುವುದಕ್ಕೆ ಸಮ.

ಬೀಜವೊಂದೇ ಸಾಲದೆಂಬುದನ್ನೂ ಹೇಳಬೇಕು. ಪೈಥಾನ್ ಭಾಷೆಯಲ್ಲಿ ಬಳಸುವ ನಮ್‌ಪೈಗೆ 2019ರಲ್ಲಿ ಹೊಸ ಸಂಖ್ಯಾ-ಉತ್ಪಾದಕ ಬಂದಿತು. ಅದೇ ಬೀಜಕ್ಕೆ ಹಳೆಯದು ಕೊಡುವ ಸಾಲು ಬೇರೆ, ಹೊಸದು ಕೊಡುವ ಸಾಲು ಬೇರೆ. ಪ್ರೋಗ್ರಾಮಿನ ನಡುವೆ ಒಂದು ಸಂಖ್ಯೆಯನ್ನು ಹೆಚ್ಚಾಗಿ ತೆಗೆದುಕೊಂಡರೂ ಮುಂದಿನವೆಲ್ಲ ಸ್ಥಾನ ತಪ್ಪುತ್ತವೆ. ಆದಕಾರಣ ಬೀಜದೊಡನೆ, ಸೋಲಿಗೆ ಕಾರಣವಾದ ಸಂಖ್ಯೆಗಳನ್ನೂ ಬರೆದಿಡುವುದು ಲೇಸು. ನಮ್ಮ ವಿದ್ಯಾರ್ಥಿಗಳ ಪರೀಕ್ಷೆಯಲ್ಲಿ ಒಂದೇ ಮನೆಯ ಆ ಎರಡು ಅಣುಗಳು ಈಗ ಯಾವ ಬೀಜದ ಹಂಗೂ ಇಲ್ಲದೆ ಪ್ರತಿಸಲವೂ ಮೊದಲಿಗೆ ಬರುತ್ತವೆ.