ಕಾರಿನ ಕೀಲಿಕೈ ಪಡೆದ ಮೇಲೆ

ಮನೆಯ ಹಿರಿಯರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ರೋಗ, ಇದೆಯೆಂದು ವೈದ್ಯರು ತಿಳಿಸಿದಾಗ, ಅವರು ಇನ್ನು ವಾಹನ ಚಲಾಯಿಸಬಹುದೇ ಎಂಬ ಪ್ರಶ್ನೆ ಕುಟುಂಬವನ್ನು ಕಾಡತೊಡಗುತ್ತದೆ. ಈ ಪ್ರಶ್ನೆಯನ್ನು ಜಪಾನ್ ನಮಗಿಂತ ಮೊದಲೇ ಎದುರಿಸಿದೆ. ಅಲ್ಲಿ 75 ವರ್ಷ ದಾಟಿದವರು ಲೈಸೆನ್ಸ್ ನವೀಕರಣದ ವೇಳೆ ಸ್ಮರಣಶಕ್ತಿಯ ಪರೀಕ್ಷೆಗೆ ಒಳಗಾಗಬೇಕೆಂಬ ನಿಯಮ 2009ರಲ್ಲಿ ಬಂದು, 2017ರಲ್ಲಿ ಇನ್ನಷ್ಟು ಬಿಗಿಯಾಯಿತು. 2019ರ ಏಪ್ರಿಲಿನಲ್ಲಿ ಟೋಕಿಯೋದ ಇಕೆಬುಕುರೊದಲ್ಲಿ 87 ವರ್ಷದ ಚಾಲಕನ ಕಾರಿಗೆ ತಾಯಿ ಮತ್ತು ಪುಟ್ಟ ಮಗಳು ಬಲಿಯಾದರು. ಬ್ರೇಕ್ ಎಂದು ಭಾವಿಸಿ ಆತ ಆಕ್ಸಿಲರೇಟರ್ ಒತ್ತಿದ್ದನೆಂದು ನ್ಯಾಯಾಲಯ ತೀರ್ಮಾನಿಸಿತು. ಆತನಿಗೆ ಮರೆವಿನ ರೋಗವಿತ್ತೆಂದಲ್ಲ. ಆದರೂ ದೇಶ ಬೆಚ್ಚಿತು. ಆ ವರ್ಷ ಸುಮಾರು 6 ಲಕ್ಷ ಮಂದಿ ತಾವಾಗಿಯೇ ಲೈಸೆನ್ಸ್ ಮರಳಿಸಿದರು.

ಮುಂದಿನ ಕಥೆಯನ್ನು ನಾವು ಗಮನವಿಟ್ಟು ಓದಬೇಕು. 2023ರಲ್ಲಿ ಪ್ರಕಟವಾದ ಜಪಾನಿ ಅಧ್ಯಯನವೊಂದರ ಪ್ರಕಾರ, 2017ರ ಬಿಗಿ ನಿಯಮದ ನಂತರ ವೃದ್ಧ ಚಾಲಕರ ಅಪಘಾತಗಳು ಕಡಿಮೆಯಾದವು. ಆದರೆ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಹೋಗುವಾಗ ಗಾಯಗೊಂಡ ವೃದ್ಧರ ಸಂಖ್ಯೆ ಏರಿತು. ಅಪಾಯದ ಒಂದು ಪಾಲು ಅಳಿಯದೆ ಜಾಗ ಬದಲಿಸಿತ್ತು. ಚಾಲನೆ ನಿಲ್ಲಿಸಿದ ಹಿರಿಯರಲ್ಲಿ ಖಿನ್ನತೆಯ ಸಂಭವ ಸುಮಾರು ಇಮ್ಮಡಿಯಾಗುತ್ತದೆಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ತಿಳಿಸಿದ್ದರು.

ಹಾಗೆಂದು ಕೀಲಿಕೈಯನ್ನು ಅವರ ಕೈಯಲ್ಲೇ ಬಿಡಲಾಗದು. ಗೇರು ಬದಲಿಸುವ ಅಭ್ಯಾಸ ಕೈಕಾಲುಗಳಲ್ಲಿ ಬಹುಕಾಲ ಉಳಿಯುತ್ತದೆ. ಮೊದಲು ಕುಂದುವುದು ತಿರುವಿನಲ್ಲಿ ಥಟ್ಟನೆ ನಿರ್ಧರಿಸುವ ವಿವೇಚನೆ. "ನಲವತ್ತು ವರ್ಷ ಓಡಿಸಿದವನು ನಾನು" ಎಂಬ ಹಿರಿಯರ ವಾದ ಸುಳ್ಳಲ್ಲ, ಸಾಲದು ಅಷ್ಟೆ. ಬ್ರಿಟನ್ನಿನಲ್ಲಿ ರೋಗ ಪತ್ತೆಯಾದೊಡನೆ ಲೈಸೆನ್ಸ್ ಇಲಾಖೆಗೆ ತಿಳಿಸುವುದು ಕಡ್ಡಾಯ. ಆರಂಭದ ಹಂತದವರಿಗೆ ಪರಿಶೀಲನೆಯ ಬಳಿಕ ಅಲ್ಪಾವಧಿಯ ಅನುಮತಿ ದೊರೆಯುವುದೂ ಉಂಟು. ಇದು ವಿವೇಕದ ದಾರಿ.

ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಈ ರೋಗವಿದೆಯೆಂದು 2023ರಲ್ಲಿ ಅಂದಾಜಿಸಲಾಯಿತು. 2019ರ ತಿದ್ದುಪಡಿಯಂತೆ 55 ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತದೆ. ವೈದ್ಯರ ಪ್ರಮಾಣಪತ್ರ ಬೇಕು, ಪ್ರತ್ಯೇಕ ಸ್ಮರಣಶಕ್ತಿಯ ಪರೀಕ್ಷೆ ಕಡ್ಡಾಯವಿಲ್ಲ. ಐದು ವರ್ಷದಲ್ಲಿ ಈ ರೋಗ ಬಹುದೂರ ಸಾಗಬಲ್ಲದು. ಹೀಗಾಗಿ ತೀರ್ಮಾನದ ಭಾರವೆಲ್ಲ ಮನೆಯವರ ಮೇಲೆ. ಮಕ್ಕಳು ಗಲ್ಫಿನಲ್ಲಿದ್ದರೆ ವಯಸ್ಸಾದ ಪತ್ನಿಯೊಬ್ಬರ ಮೇಲೆಯೇ. ಅವರು ಕೀಲಿಕೈ ಅಡಗಿಸಿಡಬಲ್ಲರು, ಇನ್ನೇನು ಮಾಡಿಯಾರು? ಆದ್ದರಿಂದ ವಾಳೆಯ ಗುರಿಕಾರರು ಮುಂದಿನ ಸಭೆಯಲ್ಲಿ ಕೇಳಬೇಕಾದುದು ಇಷ್ಟು: ಭಾನುವಾರದ ಬಲಿಪೂಜೆಗೆ ಹೊರಡುವ ಯಾರ ಕಾರಿನಲ್ಲಿ ಎರಡು ಆಸನ ಖಾಲಿಯಿದೆ, ವಾರದ ನಡುವೆ ಬ್ಯಾಂಕಿಗೂ ಔಷಧದಂಗಡಿಗೂ ಅವರನ್ನು ಕರೆದೊಯ್ಯುವವರು ಯಾರು?