ಶುಶ್ರೂಷೆಗೂ ಅಭಯ ಬೇಕು

ಗೋರೆಗಾಂವ್ ನಿಲ್ದಾಣದಲ್ಲಿ ಮುಂಜಾನೆಯ ಲೋಕಲ್ ಗಾಡಿಗಾಗಿ ಕಾಯುವವರ ಸಾಲಿನಲ್ಲಿ ದಾದಿಯರೂ ಇರುತ್ತಾರೆ. ಸಮವಸ್ತ್ರ ಚೀಲದೊಳಗಿರುವುದರಿಂದ ಅವರನ್ನು ನಾವು ಗುರುತಿಸುವುದಿಲ್ಲ. ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಹೇಳುವಾಗ ಹೋಟೆಲುಗಳು, ರಾತ್ರಿಶಾಲೆಗಳು, ಸಂಘಸಂಸ್ಥೆಗಳು, ಲೇಖಕರು ನೆನಪಾಗುತ್ತಾರೆ. ಆಸ್ಪತ್ರೆಯ ವಾರ್ಡುಗಳಲ್ಲಿ ಆಯುಷ್ಯ ಸವೆಸಿದ ಕರಾವಳಿಯ ಹೆಣ್ಣುಮಕ್ಕಳಿಗೆ ಆ ಚರಿತ್ರೆಯಲ್ಲಿ ದೊರೆತ ಸ್ಥಳ ಕಿರಿದು. ಕನ್ನಡ ವಿಭಾಗದ ಈ ಸಂಪುಟದಲ್ಲಿ ಅವರನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದು.

‘ಶುಶ್ರೂಷೆ’ ಎಂಬ ಪದವನ್ನು ನಾವು ಸೇವೆ, ಉಪಚಾರ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಸಂಸ್ಕೃತ ಮೂಲದಲ್ಲಿರುವ ಅರ್ಥ ಕೇಳಬೇಕೆಂಬ ಇಚ್ಛೆ. ರೋಗಿಯ ನರಳಿಕೆಗೆ ಕಿವಿಗೊಡುವುದೇ ಉಪಚಾರದ ಮೊದಲ ಹೆಜ್ಜೆಯೆಂಬ ತಿಳಿವು ಆ ಮಾತಿನಲ್ಲಿಯೇ ಅಡಗಿದೆ. ಆದರೆ ಹಾಗೆ ಕಿವಿಗೊಡುವವಳ ಮಾತನ್ನು ಕೇಳುವವರು ಯಾರು? ಆಸ್ಪತ್ರೆಗಳ ನಾಯಕತ್ವವನ್ನು ಕುರಿತ ಚರ್ಚೆ ಈ ಪ್ರಶ್ನೆಯಿಂದಲೇ ಆರಂಭವಾಗಬೇಕೆಂದು ನನ್ನ ಭಾವನೆ.

ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಹೆಸರನ್ನು ಇಲ್ಲಿ ನೆನೆಯದಿರಲಾಗದು. 1973ರ ನವೆಂಬರ್ 27ರ ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಾಯಿಸಲು ನೆಲಮಾಳಿಗೆಗೆ ಹೋದಾಗ, ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯನ್ನು ಆಕೆಯ ಕೊರಳಿಗೆ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ಪ್ರಾಣವಾಯು ದೊರೆಯದೆ ಆಕೆ ಮತ್ತೆಂದೂ ಎದ್ದು ನಡೆಯಲಿಲ್ಲ. ಅಪರಾಧಿಗೆ ಕೊಲೆಯತ್ನ ಮತ್ತು ದರೋಡೆಗಾಗಿ ಏಳು ವರ್ಷಗಳ ಶಿಕ್ಷೆಯಾಯಿತು. ಅತ್ಯಾಚಾರದ ಆರೋಪ ದಾಖಲಾಗಲೇ ಇಲ್ಲ. ಆಗ ಮುಂಬಯಿಯ ದಾದಿಯರು ಮುಷ್ಕರ ಹೂಡಿದರು. ಅರುಣಾಳಿಗೆ ಸರಿಯಾದ ಆರೈಕೆ, ತಮಗೆ ಸುರಕ್ಷಿತವಾದ ಕೆಲಸದ ಸ್ಥಳ, ಇವೆರಡೂ ಅವರ ಬೇಡಿಕೆಗಳಾಗಿದ್ದವು. 1980ರ ದಶಕದಲ್ಲಿ ಮಹಾನಗರಪಾಲಿಕೆ ಆಕೆಯನ್ನು ಬೇರೆಡೆಗೆ ಸಾಗಿಸಲು ಯತ್ನಿಸಿದಾಗಲೂ ಅಡ್ಡನಿಂತವರು ಇವರೇ. ಒಂದು ತಲೆಮಾರಿನ ದಾದಿಯರು ನಿವೃತ್ತರಾದರೆ ಮುಂದಿನವರು ಆ ಹಾಸಿಗೆಯ ಹೊಣೆ ಹೊತ್ತರು. 2015ರ ಮೇ 18ರಂದು ಆಕೆ ತೀರಿಕೊಳ್ಳುವವರೆಗೆ, ಸುಮಾರು 42 ವರ್ಷಗಳ ಕಾಲ, ಇದು ನಡೆಯಿತು.

ಇದನ್ನು ಕೇವಲ ಕರುಣೆಯೆಂದು ಕರೆದರೆ ಅರ್ಧಸತ್ಯವನ್ನಷ್ಟೇ ಹೇಳಿದಂತಾದೀತು. ಆ ನೆಲಮಾಳಿಗೆಗೆ ಅಂದು ಇಳಿದವಳು ತಮ್ಮಲ್ಲಿ ಯಾರಾದರೂ ಆಗಬಹುದಿತ್ತೆಂಬ ಅರಿವು ಅವರಲ್ಲಿ ಇದ್ದಿರಲೇಬೇಕು. ಭಯ ಅವರನ್ನು ಪರಸ್ಪರ ದೂರ ಮಾಡದೆ ಒಂದೆಡೆ ನಿಲ್ಲಿಸಿತು. ಅಧಿಕಾರದ ಕುರ್ಚಿಯಲ್ಲಿ ಕಾಣದ ನಾಯಕತ್ವ ವಾರ್ಡಿನಲ್ಲಿ ಹುಟ್ಟಿದ್ದು ಹೀಗೆ.

2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯವು ಅರುಣಾಳಿಗೆ ದಯಾಮರಣ ಕೋರಿದ ಅರ್ಜಿಯನ್ನು ತಳ್ಳಿಹಾಕಿ, ಆಸ್ಪತ್ರೆಯ ಸಿಬ್ಬಂದಿಯೇ ಆಕೆಯ ಆಪ್ತರೆಂದು ಮನ್ನಿಸಿ, ಅವರ ಸೇವೆಯನ್ನು ಮನದುಂಬಿ ಕೊಂಡಾಡಿತು. ಪ್ರಶಂಸೆ ಯೋಗ್ಯವೇ. ಆದರೆ ಕರುಣೆಯ ಹೊಗಳಿಕೆಯಲ್ಲಿ ಒಂದು ಅಪಾಯವೂ ಇದೆ. ದಾದಿಯನ್ನು ದೇವತೆಯೆಂದು ಕರೆದ ಮೇಲೆ ಅವಳಿಗೊಂದು ಚಿಲಕವಿರುವ ಕೋಣೆ ಬೇಕೆಂಬುದು ಮರೆತುಹೋಗುತ್ತದೆ. 2024ರ ಆಗಸ್ಟ್‌ನಲ್ಲಿ ಕೊಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ತರುಣ ವೈದ್ಯೆಯೊಬ್ಬರು ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. ವೈದ್ಯಕೀಯ ಸಿಬ್ಬಂದಿಯ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿದ ಸರ್ವೋಚ್ಚ ನ್ಯಾಯಾಲಯ ಮತ್ತೆ ಅರುಣಾ ಶಾನಭಾಗರ ಹೆಸರನ್ನು ನೆನೆಯಬೇಕಾಯಿತು. ಅರ್ಧ ಶತಮಾನದ ಬಳಿಕವೂ ಅದೇ ಹೆಸರನ್ನು ಉದಾಹರಿಸಬೇಕಾಗಿ ಬಂದದ್ದು ನಮ್ಮೆಲ್ಲರ ಸೋಲು.

ಗೋರೆಗಾಂವ್‌ನವರಾದ ನಮಗೆ 2020ರ ಅನುಭವವೂ ಕಣ್ಣೆದುರಿಗಿದೆ. ಪ್ರದರ್ಶನಗಳು ನಡೆಯುತ್ತಿದ್ದ ನೆಸ್ಕೋ ಮಂಟಪಗಳು ಆ ವರ್ಷ ಕೋವಿಡ್ ಆರೈಕೆ ಕೇಂದ್ರವಾದವು. ಮನೆಯವರಿಗೆ ಸೋಂಕು ತಗುಲೀತೆಂಬ ಅಂಜಿಕೆಯನ್ನು ಎದೆಯಲ್ಲಿಟ್ಟುಕೊಂಡೇ ಅನೇಕರು ಅಲ್ಲಿ ದುಡಿದರು. ಮಾರ್ಚ್ 22ರಂದು ದೇಶ ಅವರಿಗಾಗಿ ಚಪ್ಪಾಳೆ ತಟ್ಟಿತು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 22ರಂದು, ಅವರ ಮೇಲಿನ ಹಲ್ಲೆಗಳನ್ನು ತಡೆಯಲು ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಚಪ್ಪಾಳೆಯಿಂದ ಅಭಯ ದೊರೆಯುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಸಾರ್ವಜನಿಕ ಆಸ್ಪತ್ರೆಗಳಲ್ಲಿ ಜನಸಂದಣಿ ಹೆಚ್ಚು, ಹಣ ಕಡಿಮೆ, ಎಲ್ಲವನ್ನೂ ಸರಿಪಡಿಸುವುದು ಹೇಗೆಂದು ಆಡಳಿತ ನಡೆಸುವವರು ಕೇಳಬಹುದು. ಪ್ರಶ್ನೆ ಸುಳ್ಳಲ್ಲ. ಸಿಬ್ಬಂದಿಯ ಸಂಖ್ಯೆಯನ್ನು ಹೆಚ್ಚಿಸಲು ಹಣ ಬೇಕೇ ಬೇಕು. ಅದನ್ನು ಒದಗಿಸುವುದು ಸರ್ಕಾರದ ಹೊಣೆ. ಆದರೆ ಉಡುಪು ಬದಲಿಸುವ ಕೋಣೆಗೆ ಚಿಲಕ, ಓಣಿಗೆ ದೀಪ, ದೂರು ಕೊಟ್ಟವಳಿಗೆ ವರ್ಗಾವಣೆಯ ಶಿಕ್ಷೆಯಾಗದೆಂಬ ಭರವಸೆ, ಇವುಗಳಿಗೆ ಹಣಕ್ಕಿಂತ ಮನಸ್ಸು ಬೇಕು. ಸಾವಿನ ಸುದ್ದಿಯನ್ನು ಬಂಧುಗಳಿಗೆ ತಿಳಿಸುವ ಕಷ್ಟವನ್ನು ಕಿರಿಯಳ ತಲೆಗೆ ಕಟ್ಟದೆ ಹಿರಿಯ ವೈದ್ಯರೇ ಮುಂದೆ ಬಂದು ಹೇಳುವುದಕ್ಕೂ ಖರ್ಚಿಲ್ಲ. ಆಜ್ಞೆ ಮಾಡಬಲ್ಲವರು ಅನೇಕರಿದ್ದಾರೆ. ಕೈಕೆಳಗಿನವರ ಭಯವನ್ನು ತನ್ನದೆಂದು ಹೊರಬಲ್ಲವನೇ ನಾಯಕ. ಅಂಜಿದ ಕೈ ರೋಗಿಗೆ ಎಷ್ಟು ದಿನ ತಾನೇ ಧೈರ್ಯ ಕೊಟ್ಟೀತು?

ಅರುಣಾಳ ಅಂತ್ಯಸಂಸ್ಕಾರದಲ್ಲಿ ಕೆ.ಇ.ಎಂ.ನ ದಾದಿಯರು ಸ್ವಂತ ಬಳಗದವರಂತೆ ಕಣ್ಣೀರಿಟ್ಟರು. ಅವರಲ್ಲಿ ಎಷ್ಟೋ ಮಂದಿ 1973ರಲ್ಲಿ ಹುಟ್ಟಿಯೂ ಇರಲಿಲ್ಲ. ಅವರು ಕೇಳಿಸಿಕೊಂಡದ್ದನ್ನು ನಾವೂ ಕೇಳಿಸಿಕೊಳ್ಳಬೇಕಾಗಿದೆ. ನಾಳೆ ಮುಂಜಾನೆ ಗೋರೆಗಾಂವ್‌ನಿಂದ ಗಾಡಿ ಹತ್ತುವ ಹೆಣ್ಣುಮಗಳು ಸಂಜೆ ನಿರ್ಭಯಳಾಗಿ ಮನೆಗೆ ಮರಳುವಂತಾದರೆ, ಅದು ಹಳದೀಪುರದ ಆ ಮಗಳಿಗೆ ನಾವು ಸಲ್ಲಿಸಬಹುದಾದ ನಿಜವಾದ ಶುಶ್ರೂಷೆ.